ಸಿನಿಮಾದವಳಿಗೆ ಉಡಿ ತುಂಬಿದ್ದು

ನಮ್ಮ ಮನೆಯವರು ತೀರಿಕೊಂಡ ಮೇಲೂ ಪೇಪರು ಬರುವುದು ನಿಂತಿಲ್ಲ. ನಿಲ್ಲಿಸಿರಿ ಎಂದು ಹೇಳಲು ನನಗೆ ಬಾಯಿ ಬಂದಿಲ್ಲ. ಮುಂಜಾನೆ ಚಹಾ ಮುಂದಿಟ್ಟುಕೊಂಡು ಅದನ್ನು ಬಿಚ್ಚುತ್ತೇನೆ. ಅವರು ಓದುತ್ತಿದ್ದ ಹಾಗೆಯೇ ಓದುತ್ತೇನೆ, ಹಿಂದಿನ ಪುಟದಿಂದ ಮುಂದಕ್ಕೆ, ಕೆಳಗಿನ ಮೂಲೆಯಿಂದ ಮೇಲಕ್ಕೆ. ಮಂತ್ರಿಗಳೆಲ್ಲ ಮೊದಲ ಪುಟದ ನೆತ್ತಿಯ ಮೇಲೆ ಇರುವುದರಿಂದ ಅವರನ್ನು ಮುಟ್ಟುವ ಹೊತ್ತಿಗೆ ಚಹಾ ಮುಗಿದಿರುತ್ತದೆ. ಅವರು ಹಾಗೇ ಉಳಿಯುತ್ತಾರೆ.

ಮೊನ್ನೆ ಒಂದು ಸುದ್ದಿ ಇತ್ತು. ಯಾವುದೋ ದೇಶದಲ್ಲಿ ಒಬ್ಬ ಮುದುಕ ತನ್ನ ಮನೆಯನ್ನು ಬೆಕ್ಕಿನ ಹೆಸರಿಗೆ ಬರೆದುಕೊಟ್ಟನಂತೆ. ಓದಿ ನಗು ಬಂತು. ನಗುತ್ತಲೇ ಬಾಜೂ ಕುರ್ಚಿಯ ಕಡೆ ತಿರುಗಿದೆ. ಕುರ್ಚಿ ಅಷ್ಟೇ ಇತ್ತು. ಅಳು ಬಂದರೆ ಓಣಿಯ ಮಂದಿ ಬಂದು ಕೂಡುತ್ತಾರೆ, ಸಮಾಧಾನ ಹೇಳುತ್ತಾರೆ. ನಗು ಬಂದರೆ ಯಾರನ್ನು ಕರೆಯುವುದು? ಗಂಡ ಹೋದ ಮನೆಯಲ್ಲಿ ಒಬ್ಬಳೇ ಕೂತು ನಗುವ ಮುದುಕಿಯ ಬಗ್ಗೆ ಪೇಪರಿನವರೇ ಬರೆದುಬಿಟ್ಟಾರು. ಅದಕ್ಕಿಂತ ನಾನೇ ಬರೆಯುವುದು ಮೇಲು ಎಂದು ಕೂತಿದ್ದೇನೆ. ನನ್ನ ಓದು ಮುಲ್ಕಿ ಪರೀಕ್ಷೆಯವರೆಗೆ, ಅಂದರೆ ಏಳನೆಯ ಇಯತ್ತೆ. ಅಷ್ಟರಲ್ಲಿ ಬರುವಷ್ಟು ಬರೆಯುತ್ತೇನೆ.

ಎಪ್ಪತ್ತರ ದಶಕದ ಮಾತು. ನವಲಗುಂದದಿಂದ ಅಣ್ಣಿಗೇರಿಗೆ ಹೋಗುವ ರಸ್ತೆಯ ಮೇಲೆ ನಮ್ಮೂರು. ರಸ್ತೆಗೆ ಹತ್ತಿ ನಮ್ಮ ಹಿಟ್ಟಿನ ಗಿರಣಿ, ಗಿರಣಿಯ ಬೆನ್ನಿಗೆ ನಮ್ಮ ಮನೆ. ಗಿರಣಿ ನಡೆಸುವವರು ನಮ್ಮ ಮನೆಯವರು. ಮಧ್ಯಾಹ್ನದ ಬಸ್ಸಿಗೆ ಹುಬ್ಬಳ್ಳಿಯಿಂದ ಪೇಪರು ಬರುತ್ತಿತ್ತು. ಕಂಡಕ್ಟರು ಬಸ್ಸು ನಿಲ್ಲಿಸದೆಯೇ ಅದನ್ನು ಗಿರಣಿಯ ಬಾಗಿಲಿಗೆ ಒಗೆಯುತ್ತಿದ್ದ. ಡೀಸೆಲ್ ಎಂಜಿನ್ನು ಕಾದರೆ ಅದನ್ನು ಸ್ವಲ್ಪ ಆರಲು ಬಿಡಬೇಕು. ಆ ಹೊತ್ತಿನಲ್ಲಿ ಇವರು ಹಿಟ್ಟು ಮೆತ್ತಿದ ಹುಬ್ಬು ಏರಿಸಿ, ಜೋಳದ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸರಿಗೆ ಪೇಪರು ಓದಿ ಹೇಳುತ್ತಿದ್ದರು. ಒಳ್ಳೆಯ ಸುದ್ದಿ ಇದ್ದ ದಿನ ಎಂಜಿನ್ನು ಲಗೂನೆ ಕಾಯುತ್ತದೆ ಎಂಬುದನ್ನು ನಾನು ಮದುವೆಯಾಗಿ ಬಂದ ಕೆಲವೇ ದಿನಗಳಲ್ಲಿ ಕಂಡುಕೊಂಡೆ.

ಒಳ್ಳೆಯ ಸುದ್ದಿ ಎಂದರೆ ವಿಚಿತ್ರ ಸುದ್ದಿ. ಇಲೆಕ್ಷನ್ನು, ಬಜೆಟ್ಟು ಇವನ್ನೆಲ್ಲ ಹೆಂಗಸರು ಓದಗೊಡುತ್ತಿರಲಿಲ್ಲ. ಒಮ್ಮೆ ಒಂದು ಕತ್ತೆಯ ಸುದ್ದಿ ಬಂತು. ಕತ್ತೆ ಯಾರದು ಎಂದು ಇಬ್ಬರಿಗೆ ಜಗಳವಾಗಿ, ವ್ಯಾಜ್ಯ ಕೋರ್ಟಿಗೆ ಹೋಗಿ, ನ್ಯಾಯಾಧೀಶರು ಕತ್ತೆಯನ್ನು ಬಿಟ್ಟುಬಿಡಿ, ಅದು ಯಾರ ಮನೆಗೆ ಹೋಗುತ್ತದೋ ಅವರದೇ ಎಂದು ತೀರ್ಪು ಕೊಟ್ಟರಂತೆ. ಬಿಟ್ಟ ಕತ್ತೆ ನೆಟ್ಟಗೆ ನ್ಯಾಯಾಧೀಶರ ಮನೆಗೇ ಹೋಯಿತಂತೆ.

"ಕತ್ತಿಗೆ ತಿಳಿವಳಿಕಿ ಐತಿ ನೋಡ. ಹುಲ್ಲು ಎಲ್ಲಿ ಹೆಚ್ಚೈತಿ ಅಂತ ಗೊತ್ತು ಮಾಡ್ಕೊಂತು," ಎಂದಳು ಒಬ್ಬಳು.

"ನಮ್ಮ ಮನಿಯವ್ರನ್ನೂ ಹಂಗ ಒಮ್ಮಿ ಬಿಟ್ಟು ನೋಡಬೇಕಬೇ, ಯಾರ ಮನಿಗೆ ಹೋಗ್ತಾರಂತ," ಎಂದಳು ಇನ್ನೊಬ್ಬಳು.

ಪೇಪರಿನಲ್ಲಿ ಎರಡು ಸಾಲಿದ್ದ ಸುದ್ದಿ ಇವರ ಬಾಯಲ್ಲಿ ಎರಡು ಪುಟವಾಗುತ್ತಿತ್ತು. ಹೆಂಗಸರಿಗೆ ಅದು ಗೊತ್ತಿರಲಿಲ್ಲ. ಗೊತ್ತಿದ್ದವಳು ನನ್ನ ಅತ್ತೆ ಒಬ್ಬಳೇ. ಜರಡಿ ಹಿಡಿದು ಮೂಲೆಯಲ್ಲಿ ಕೂತಿರುತ್ತಿದ್ದಳು. ಅಕ್ಷರ ಬಾರದಿದ್ದರೂ ಮಗನ ಮುಖ ಓದಲು ಬರುತ್ತಿತ್ತು. "ಮೂಗು ಮ್ಯಾಲೆ ಮಾಡಿದಾ ಅಂದ್ರ ಪೇಪರ ಮುಗದೈತಿ, ಮುಂದಿಂದು ಅವಂದ ಸ್ವಂತದ್ದು," ಎಂದು ನನಗೆ ಗುಟ್ಟಾಗಿ ಹೇಳಿಕೊಟ್ಟಿದ್ದಳು.

ಈ ನನ್ನ ಅತ್ತೆಗೆ ಊರಲ್ಲಿ ಒಂದು ಹೆಸರಿತ್ತು. ಅವಳ ಕೈಗುಣ ಚಲೋ ಎಂದು. ತವರಿನಿಂದ ಗಂಡನ ಮನೆಗೆ ಹೊರಟ ಮಗಳಿರಲಿ, ಬಂದು ಹೊರಟ ಬೀಗಿತ್ತಿಯಿರಲಿ, ಮೊದಲ ಬಸಿರಿನ ಸೀಮಂತದ ಕುಬಸವಿರಲಿ, ಉಡಿ ತುಂಬಲು ಮೊದಲು ಅವಳಿಗೇ ಕರೆ. ಸೆರಗಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು, ಬೆಲ್ಲ, ಮೇಲೆ ಒಂದು ರವಿಕೆಯ ಖಣ ಇಟ್ಟು ಅವಳು ಗಂಟು ಬಿಗಿದಳೆಂದರೆ ಅದು ಊರು ಮುಟ್ಟುವ ತನಕ ಒಂದು ಕಾಳು ಉದುರುತ್ತಿರಲಿಲ್ಲ. ಅವಳು ಉಡಿ ತುಂಬಿದ ಬಸುರಿಯರೆಲ್ಲ ಸುಖವಾಗಿ ಹಡೆದಿದ್ದರು. ಒಬ್ಬಿಬ್ಬರು ಅವಳಿಜವಳಿ ಹಡೆದು ಬಂದು ಅವಳ ಕೂಡ ಜಗಳವಾಡಿದ್ದೂ ಉಂಟು: "ಅತ್ಯಾ, ನೀ ಒಂದ ಬೊಗಸಿ ಹಾಕಿದ್ರ ಸಾಕಿತ್ತು!"

ಒಂದು ಮಳೆಗಾಲದಲ್ಲಿ ಮಾವ ತೀರಿಕೊಂಡರು. ಅಲ್ಲಿಂದ ಅತ್ತೆಯನ್ನು ಯಾರೂ ಉಡಿ ತುಂಬಲು ಕರೆಯಲಿಲ್ಲ. ಬರಬೇಡ ಎಂದೂ ಯಾರೂ ಅನ್ನಲಿಲ್ಲ. ಅವಳೂ ಕೇಳಲಿಲ್ಲ. ಗಿರಣಿಗೆ ಬರುವುದನ್ನು ಬಿಟ್ಟಳು, ಕತ್ತೆ ನಾಯಿಗಳ ಸುದ್ದಿ ಬಿಟ್ಟಳು, ಒಳಗಿನ ಕೋಣೆಯಲ್ಲಿ ಬೇಳೆ ಆರಿಸುತ್ತ ಕೂತುಬಿಟ್ಟಳು. ಆರಿಸಿದ ಬೇಳೆಯನ್ನೇ ಮತ್ತೆ ಆರಿಸುತ್ತಿದ್ದಳು.

ಆ ಚಳಿಗಾಲದಲ್ಲಿ ನನ್ನ ನಾದಿನಿ, ಅತ್ತೆಗೆ ಒಬ್ಬಳೇ ಮಗಳು, ಚೊಚ್ಚಲ ಬಸುರಿಯಾಗಿ ತವರಿಗೆ ಬಂದಳು. ಏಳನೆಯ ತಿಂಗಳಲ್ಲಿ ಕುಬಸ ಮಾಡಬೇಕು. ಊರ ಹೆಣ್ಣುಮಕ್ಕಳಿಗೆಲ್ಲ ಉಡಿ ತುಂಬಿದವಳು ತನ್ನ ಮಗಳ ಕುಬಸದ ದಿನ ಬಾಗಿಲ ಹಿಂದೆ ನಿಲ್ಲಬೇಕು. ಇದೇ ಮಾತು ನಮ್ಮ ಮನೆಯವರನ್ನು ಕೊರೆಯುತ್ತಿತ್ತು. ಒಂದು ಸಂಜೆ ತಡೆಯಲಾರದೆ ಕೇಳಿಯೇಬಿಟ್ಟರು.

"ಯವ್ವಾ, ತಂಗಿ ಉಡಿ ನೀನ ತುಂಬಬೇಕ ನೋಡ. ಯಾರು ಏನಂತಾರ ನಾ ನೋಡ್ತೀನಿ."

ಅತ್ತೆ ಮೊರದಿಂದ ಮುಖ ಎತ್ತಲಿಲ್ಲ. "ಮಂದಿ ಅಂದದ್ದು ಹಾಳಾಗ್ಲಿ. ನನ್ನ ಕೈಲೆ ಆಕಿಗೆ ಏನರ ಆದ್ರ? ಹೊಟ್ಟ್ಯಾಗ ಕೂಸು ಐತಿ. ನಾ ಒಲ್ಲೆಪಾ."

ಊರವರ ಬಾಯಿಗೆ ಉತ್ತರ ಕೊಡಬಹುದು. ಅವಳ ಹೆದರಿಕೆಗೆ ಏನು ಉತ್ತರ? ಅಷ್ಟು ಮಾತುಗಾರರಾದ ನಮ್ಮ ಮನೆಯವರು ಆ ಸಂಜೆ ಎದ್ದು ಗಿರಣಿಗೆ ಹೋಗಿ ಕೂತರು.

ಇದೇ ಹೊತ್ತಿಗೆ ಹತ್ತಿ ಬಿಡಿಸಿ ಖಾಲಿಯಾದ ಹೊಲದಲ್ಲಿ ಟೂರಿಂಗ್ ಟಾಕೀಸಿನ ತಂಬು ಬಿತ್ತು. ಗಂಡಸರಿಗೂ ಹೆಂಗಸರಿಗೂ ನಡುವೆ ಒಂದು ಹಗ್ಗ. ನಾವು ಕೌದಿ ಹಾಸಿಕೊಂಡು, ಹುರಿದ ಶೇಂಗಾ ಕಟ್ಟಿಕೊಂಡು ಹೋಗುತ್ತಿದ್ದೆವು. ಅಲ್ಲಿ ಬಂದ ಒಂದು ಸಿನಿಮಾ ಊರನ್ನು ಅಲ್ಲಾಡಿಸಿತು. ಅದರ ನಾಯಕಿ ಶ್ರೀಮಂತರ ಸೊಸೆ. ಇಂಟರ್‌ವೆಲ್ಲಿಗೆ ಮೊದಲೇ ಗಂಡ ಸಾಯುತ್ತಾನೆ. ಅವಳು ಕುಂಕುಮ ಅಳಿಸಿಕೊಂಡು, ಬಳೆ ಒಡೆದುಕೊಂಡು, ಒಡವೆಗಳನ್ನೆಲ್ಲ ಬಡವರಿಗೆ ದಾನ ಮಾಡಿ, ಕಡೆಗೆ ತಾನೇ ಉಪವಾಸ ಬೀಳುತ್ತಾಳೆ. ನಾವು ಶೇಂಗಾ ತಿನ್ನುವುದನ್ನು ಬಿಟ್ಟು ಅತ್ತೆವು. ಸರಿಯಾಗಿ ಗಂಡ ಸಾಯುವಾಗ ರೀಲು ಹರಿಯಿತು. ಅಂಟಿಸಿ ಸ್ವಲ್ಪ ಹಿಂದಿನಿಂದ ಮತ್ತೆ ಬಿಟ್ಟರು. ಹೀಗಾಗಿ ಅವಳ ಗಂಡ ಒಂದೇ ಆಟದಲ್ಲಿ ಎರಡು ಸಲ ಸತ್ತ, ನಾವೂ ಎರಡು ಸಲ ಅತ್ತೆವು. ಎರಡನೆಯ ಸಲ ಹೆಚ್ಚು ಅತ್ತೆವು, ಸಾಯುವುದು ಗೊತ್ತಿತ್ತಲ್ಲ.

ತಂಬು ಎತ್ತುವುದಕ್ಕೆ ಮೊದಲೇ ಇನ್ನೊಂದು ಸುದ್ದಿ ಬಂತು. ತಾಲೂಕಿನ ದವಾಖಾನೆಗೆ ಒಂದು ಹೆರಿಗೆ ಕೋಣೆ ಕಟ್ಟಿಸಲು ದೊಡ್ಡ ಮಂದಿ ಕೂಡಿ ಕಮಿಟಿ ಮಾಡಿದ್ದಾರೆ, ಅದರ ಸಹಾಯಕ್ಕೆ ಅದೇ ನಾಯಕಿ ಮದ್ರಾಸಿನಿಂದ ಬರುತ್ತಾಳೆ, ದಾರಿಯ ಮೇಲಿನ ಹಳ್ಳಿಗಳಲ್ಲಿ ಜೀಪು ನಿಲ್ಲಿಸಿ ದೇಣಿಗೆ ಎತ್ತುತ್ತಾಳೆ, ನಮ್ಮೂರಲ್ಲೂ ನಿಲ್ಲುತ್ತಾಳೆ.

ಕಮಿಟಿಯ ದಾನಕ್ಕೂ ನಾವು ಕಂಡ ದಾನಕ್ಕೂ ಬಹಳ ಫರಕು. ನಮ್ಮ ಗಿರಣಿಯ ಬಾಗಿಲ ಸಂದಿಯಲ್ಲಿ ಒಂದು ಮಣ್ಣಿನ ಗಡಿಗೆ ಇತ್ತು. ಬೀಸಿಸಿಕೊಂಡವರು ಒಂದು ಮುಷ್ಟಿ ಹಿಟ್ಟು ಅದರಲ್ಲಿ ಹಾಕಿ ಹೋಗುವುದು, ಮನೆಯಲ್ಲಿ ಕಾಳಿಲ್ಲದವರು ಬಂದು ಒಯ್ಯುವುದು. ಒಯ್ಯುವವರು ಬಂದಾಗ ಮಾವ ಎಂಜಿನ್ನಿನ ಕಡೆ ಮುಖ ಮಾಡಿ ನಿಲ್ಲುತ್ತಿದ್ದರು, ಯಾರೆಂದು ಕಣ್ಣಿಗೆ ಬೀಳಬಾರದೆಂದು. ಕಮಿಟಿಯ ದಾನದಲ್ಲಿ ಹಾಗಲ್ಲ. ಕೊಟ್ಟವರ ಹೆಸರನ್ನು ಮೈಕಿನಲ್ಲಿ ಕೂಗುತ್ತಾರೆ. ಕೊಡದವರು ಎಲ್ಲಿ ಕೂತಿದ್ದಾರೆಂದು ಎಲ್ಲರೂ ತಿರುಗಿ ನೋಡುತ್ತಾರೆ. ಆದರೂ ಹೆರಿಗೆ ಕೋಣೆ ಆಗಬೇಕಿತ್ತು. ಬೇನೆ ಎದ್ದವರನ್ನು ಚಕ್ಕಡಿಯಲ್ಲಿ ಹಾಕಿಕೊಂಡು ಎರಿ ಹೊಲದ ಕೆಸರಿನಲ್ಲಿ ಹೋಗುವ ಕಷ್ಟ ನಮಗೆ ಗೊತ್ತಿತ್ತು. ಮೈಕು ಕೂಗಿದರೆ ಕೂಗಲಿ ಎಂದೆವು.

ಗಿರಣಿಯಲ್ಲಿ ಚರ್ಚೆ ಬೇರೆಯೇ ನಡೆಯಿತು. ಶುರು ಮಾಡಿದವಳು ಮೂಲೆಮನೆಯ ಆಯಿ. ಊರಿನಲ್ಲಿ ಯಾವುದು ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂದು ಹೇಳುವ ಅಧಿಕಾರವನ್ನು ತಾನೇ ತೆಗೆದುಕೊಂಡಿದ್ದ ಮುದುಕಿ.

"ಊರಿಗೆ ಬಂದ ಹೆಣಮಗಳನ್ನ ಬರೇ ಉಡೀಲೆ ಕಳಸಾಕ ಬರೂದಿಲ್ಲ. ಉಡಿ ತುಂಬಬೇಕು," ಎಂದಳು ಆಯಿ.

"ತುಂಬೂಣಂತ. ಆದರ ಆಕಿ ಮುತ್ತೈದಿ ಹೌದೋ ಅಲ್ಲೋ?"

"ಗಂಡ ಸತ್ತದ್ದು ನಾನ ನೋಡೀನಲ್ಲ. ಎರಡು ಸಲ ಸತ್ತಾನ!"

"ಹುಚ್ಚೀ, ಅದು ಸಿನಿಮಾ ಬೇ."

"ಸಿನಿಮಾ ಅಂತ ನನಗೂ ಗೊತ್ತೈತಿ. ಆದ್ರ ಅಷ್ಟು ಮಂದಿ ಮುಂದ ಕುಂಕುಮ ಅಳಿಸ್ಕೊಂಡಾಳೋ ಇಲ್ಲೋ? ಗಂಡ ಸುಳ್ಳ ಸತ್ತಿರಬೇಕು. ಬಳಿ? ಕಾಜಿನ ಬಳಿ ಸುಳ್ಳ ಸುಳ್ಳ ಹೆಂಗ ಒಡೀತಾವ?"

ಬಳೆಗಳಂತೂ ಖರೆಯೇ ಒಡೆದಿದ್ದವು, ಸದ್ದು ಕೇಳಿತ್ತು. ಅವಳ ನಿಜವಾದ ಗಂಡನ ವಿಷಯ ನೋಡೋಣವೆಂದರೆ ಪೇಪರಿನ ಸಿನಿಮಾ ಪುಟ ಒಂದು ವಾರ ಅವಳಿಗೆ ಗುಟ್ಟಾಗಿ ಮದುವೆಯಾಗಿದೆ ಎನ್ನುತ್ತಿತ್ತು, ಮರುವಾರ ಅವಳು ಜನ್ಮದಲ್ಲಿ ಮದುವೆಯಾಗುವುದಿಲ್ಲ ಎನ್ನುತ್ತಿತ್ತು. ಮದುವೆಯಾಗದವಳಿಗೆ ಕನ್ಯೆಯ ಉಡಿ ಬೇರೆ, ಮುತ್ತೈದೆಯ ಉಡಿ ಬೇರೆ. ಗಂಡ ಸತ್ತವಳೆಂದರೆ ಉಡಿಯೇ ಇಲ್ಲ. ಈ ಮೂರರಲ್ಲಿ ಅವಳು ಯಾರು?

"ತಮ್ಮಾ, ಪೇಪರದಾಗ ಏನರ ಐತೇನು ನೋಡು," ಎಂದಳು ಆಯಿ ನಮ್ಮ ಮನೆಯವರಿಗೆ.

"ಇವತ್ತಿನದರಾಗ ಇಲ್ಲ ಆಯಿ. ನಾಳಿಗೆ ಬರಬಹುದು," ಎಂದರು ಇವರು.

ಮರುದಿನ ಎಂಜಿನ್ನು ಬಹಳ ಲಗೂ ಕಾಯಿತು. ಇವರು ಗಂಟಲು ಸರಿಮಾಡಿಕೊಂಡು ಪೇಪರು ಬಿಡಿಸಿದರು. "ಮದ್ರಾಸ್," ಎಂದು ಊರ ಹೆಸರಿನಿಂದಲೇ ಶುರುಮಾಡಿದರು. "ತೆರೆಯ ಮೇಲೆ ಕುಂಕುಮ ಅಳಿಸಿಕೊಂಡ ತಾರೆಯರಿಗೆ ದೋಷ ತಗಲುವುದೆಂದೂ, ಪತಿಯನ್ನು ನಿಜವಾಗಿ ಕಳೆದುಕೊಂಡ ಹಿರಿಯ ಸ್ತ್ರೀಯೊಬ್ಬಳ ಕೈಯಿಂದ ಉಡಿ ತುಂಬಿಸಿಕೊಂಡರೆ ಆ ದೋಷ ಪರಿಹಾರವಾಗುವುದೆಂದೂ ಬಲ್ಲವರು ಅಭಿಪ್ರಾಯಪಟ್ಟಿದ್ದಾರೆ. ಹೀಗೆ ತುಂಬಿಸಿಕೊಂಡ ಅನೇಕ ತಾರೆಯರಿಗೆ ಶೀಘ್ರವೇ ಕಂಕಣಭಾಗ್ಯ ಕೂಡಿಬಂದಿದೆ ಎಂದು ತಿಳಿದುಬಂದಿದೆ."

ತಿಳಿದುಬಂದಿದೆ ಎಂಬ ಮಾತು ಬಂದ ಮೇಲೆ ನಮ್ಮೂರಲ್ಲಿ ಯಾರೂ ಎದುರು ಮಾತಾಡುತ್ತಿರಲಿಲ್ಲ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ನಾನು ಇವರ ಮೂಗು ನೋಡಿದೆ. ಅದು ಸೂರಿನ ಕಡೆಗಿತ್ತು. ಆಮೇಲೆ ಪೇಪರು ತೆಗೆದು ನೋಡಿದೆ. ಆ ಜಾಗದಲ್ಲಿ ಕೂದಲು ಬೆಳೆಯುವ ಎಣ್ಣೆಯ ಜಾಹೀರಾತು ಇತ್ತು.

ಆಯಿ ನಾಲ್ಕು ಮಂದಿಯನ್ನು ಕಟ್ಟಿಕೊಂಡು ಒಳಗೆ ಬಂದಳು. ಅತ್ತೆಯ ಎದುರಿಗೆ ಕೂತು ವಿಷಯ ಹೇಳಿದಳು. "ನಿನ್ನ ಕೈಗುಣ ಚಲೋ ಐತೆವ್ವಾ. ಪೇಪರದಾಗೂ ಬಂದೈತಿ. ಆ ಸಿನಿಮಾದಾಕಿಗೆ ನೀನ ಉಡಿ ತುಂಬು."

ಅತ್ತೆ ಮೊರ ಕೆಳಗಿಟ್ಟಳು.

"ಮದ್ರಾಸಿನಾಕಿ ದೋಷ ಕಳ್ಯಾಕ ನನ್ನ ಕೈ ಬೇಕಾತು. ಹೊಟ್ಟೀಲೆ ಹುಟ್ಟಿದ ಮಗಳಿಗೆ ಬ್ಯಾಡಾತು. ಹೌದಿಲ್ಲೋ?"

ಆಯಿ ಸೆರಗಿನ ತುದಿಯಿಂದ ತಂಬಾಕು ಬಿಚ್ಚಿ ಮತ್ತೆ ಕಟ್ಟಿಕೊಂಡಳು. ಬಂದವರು ಬಂದ ಹಾಗೆ ಎದ್ದು ಹೋದರು. ನಮ್ಮ ಮನೆಯವರು ಬಾಗಿಲಲ್ಲಿ ನಿಂತಿದ್ದರು.

"ಲೇ, ನಿನ್ನ ಸುದ್ದಿ ನನಗ ಹೇಳಬ್ಯಾಡ. ನಾ ಹಡದೀನಿ ನಿನ್ನ," ಎಂದಳು ಅತ್ತೆ. ಬೈದ ದನಿಯೇ. ಆದರೆ ಮಾವ ಹೋದ ಮೇಲೆ ಅವಳು ಅಷ್ಟು ಮಾತಾಡಿದ್ದು ಅಂದೇ ಮೊದಲು.

ನಾಯಕಿ ಬರುವ ದಿನ ಮುಂಜಾನೆಯಿಂದ ಊರೆಲ್ಲ ರಸ್ತೆಗೆ ಬಂದು ನಿಂತಿತ್ತು. ಜೀಪು ಬಂದಾಗ ಮಧ್ಯಾಹ್ನ ದಾಟಿತ್ತು. ಕಪ್ಪು ಚಸ್ಮಾ ಹಾಕಿದ ಹೆಣ್ಣುಮಗಳೊಬ್ಬಳು ಇಳಿದಳು. ತೆರೆಯ ಮೇಲೆ ಎರಡಾಳು ಎತ್ತರ ಇದ್ದವಳು ನನ್ನ ಭುಜದ ಮಟ್ಟಕ್ಕೂ ಬರಲಿಲ್ಲ.

"ಇಷ್ಟ ಇದ್ದಾಳೇನ?"

"ಉಳದದ್ದು ಮದ್ರಾಸಿನ್ಯಾಗ ಇಟ್ಟ ಬಂದಾಳ, ಸುಮ್ಮನಿರ."

ಕಮಿಟಿಯ ನಾಲ್ವರು ಬಿಳಿ ಬಟ್ಟೆಯೊಂದರ ನಾಲ್ಕು ಮೂಲೆ ಹಿಡಿದು ನಡೆದರು. ಅವಳು ಪಕ್ಕದಲ್ಲಿ ಕೈಮುಗಿಯುತ್ತ ಬಂದಳು. ಗಂಡಸರು ನಾಣ್ಯ ಒಗೆದರು. ಹೆಂಗಸರು ಮುಂದೆ ಬಂದು ಜೋಳ ಸುರಿದರು. ಒಬ್ಬಳು ಒಣಮೆಣಸಿನಕಾಯಿ ಹಾಕಿದಳು, ಒಬ್ಬಳು ಅರಳೆ ಹಾಕಿದಳು, ಮತ್ತೊಬ್ಬಳು ಕಾಲು ಕಟ್ಟಿದ ಕೋಳಿ ತಂದು ಬಿಟ್ಟಳು. ಕೋಳಿ ಬಟ್ಟೆಯ ನಡುವೆ ರೆಕ್ಕೆ ಬಡಿದು ನಾಯಕಿಯ ಚಸ್ಮಾದ ಮೇಲೆಲ್ಲ ಮೆಣಸಿನ ಧೂಳು ಹಾರಿಸಿತು. ಕಮಿಟಿಯ ಅಧ್ಯಕ್ಷರು ಸೀನುತ್ತಲೇ ಮೈಕು ಹಿಡಿದರು.

"ತಾಯಂದಿರೇ, ದಯವಿಟ್ಟು ರೊಕ್ಕ ಮಾತ್ರ! ರೊಕ್ಕ ಮಾತ್ರ!"

"ರೊಕ್ಕ ಗಂಡಸರ ಕಿಸೇದಾಗ ಇರ್ತಾವ್ರಿ ಸಾಹೇಬ್ರ," ಎಂದಳು ಕೋಳಿಯವಳು. "ನಮ್ಮ ಕೈಯಾಗ ಇರೂದು ಇದ. ಹಡದಾಕಿಗೆ ಸಾರು ಮಾಡಿ ಹಾಕ್ರಿ."

ಈ ಗದ್ದಲದಲ್ಲಿ ನಾಯಕಿ ಅಧ್ಯಕ್ಷರ ಕಿವಿಯಲ್ಲಿ ಏನೋ ಹೇಳಿದಳು. ಅಧ್ಯಕ್ಷರು ಕೆಂಪಾಗಿ ನಮ್ಮ ಮನೆಯವರ ಕಿವಿಯಲ್ಲಿ ಹೇಳಿದರು. ಇವರು ನನ್ನ ಕಿವಿಯಲ್ಲಿ ಹೇಳಿದರು: "ಬಚ್ಚಲಾ ಎಲ್ಲೈತಿ ಅಂತ ಕೇಳಾಕತ್ತಾಳ." ಮುಂಜಾನೆಯಿಂದ ಊರೂರು ಸುತ್ತಿಸಿ ಹಾರ ಹಾಕಿದ ಯಾರಿಗೂ ಇದು ಹೊಳೆದಿರಲಿಲ್ಲ. ನಾನು ಅವಳನ್ನು ಹಿತ್ತಲಿಗೆ ಕರೆದುಕೊಂಡು ಹೋದೆ.

ಮುಖ ತೊಳೆದುಕೊಂಡು ಅವಳು ಒಳಗೆ ಬಂದಾಗ ಬಣ್ಣ ಅರ್ಧ ಹೋಗಿತ್ತು. ನನ್ನ ನಾದಿನಿಯ ಓರಗೆಯ ಹುಡುಗಿಯ ಹಾಗೆ ಕಂಡಳು. ಅಡುಗೆಮನೆಯ ಹೊಸ್ತಿಲಲ್ಲಿ ಕೂತಿದ್ದ ಅತ್ತೆಗೆ ನಮಸ್ಕಾರ ಮಾಡಿದಳು. ಅತ್ತೆ ನೀರು, ಬೆಲ್ಲ ಮುಂದಿಟ್ಟು ಕೇಳಿದಳು:

"ಉಂಡೀಯೇನವ್ವಾ?"

"ಇಲ್ಲಮ್ಮ. ಬೆಳಗ್ಗೆಯಿಂದ ಎಲ್ಲರೂ ಹಾರ ಹಾಕ್ತಿದಾರೆ, ಯಾರೂ ಊಟ ಹಾಕ್ಲಿಲ್ಲ."

ಅತ್ತೆ ಎದ್ದಳು. ಬಿಸಿ ರೊಟ್ಟಿಯ ಮೇಲೆ ಬೆಣ್ಣೆ, ಶೇಂಗಾ ಚಟ್ನಿ ಹಾಕಿ ಕೈಯಲ್ಲಿ ಕೊಟ್ಟಳು. ಹೊರಗೆ ಮೈಕಿನಲ್ಲಿ ಅವಳ ತ್ಯಾಗದ ವರ್ಣನೆ ನಡೆದಿತ್ತು, ಒಳಗೆ ಅವಳು ಗೋಡೆಗೆ ಒರಗಿ ನಿಂತು ಗಬಗಬನೆ ತಿನ್ನುತ್ತಿದ್ದಳು. ಮತ್ತೊಂದು ರೊಟ್ಟಿ ಕೇಳಿದಳು. ನಾನು ಹತ್ತಿರದಿಂದ ನೋಡಿದ ಸಿನಿಮಾದವರು ಅವಳೊಬ್ಬಳೇ. ಅವರ ಬಗ್ಗೆ ನನಗೆ ಗೊತ್ತಿರುವುದು ಇಷ್ಟೇ, ಅವರಿಗೆ ಹಸಿವು ಬಹಳ.

ಮನೆಯೊಳಗೆ ಬಂದು ಉಂಡ ಹೆಣ್ಣುಮಗಳು. ಇನ್ನು ಬರಿ ಉಡಿಯಲ್ಲಿ ಕಳಿಸುವುದು ಹೇಗೆ? ಅವಳು ಕನ್ಯೆಯೋ ಮುತ್ತೈದೆಯೋ ಕೇಳುವ ಧೈರ್ಯ ನನಗಿರಲಿಲ್ಲ. ತಟ್ಟೆ ತಂದೆ. ಬಾಗಿಲ ತುಂಬ ಹೆಂಗಸರು, ಎಲ್ಲರ ಮುಂದೆ ಆಯಿ. ಅತ್ತೆ ಹಿಂದೆ ಸರಿದು ಒಳಗೋಡೆಗೆ ಹೋಗಿ ನಿಂತಳು. ನನಗೆ ಆಗ ಒಂದು ಕುಚೇಷ್ಟೆ ಹೊಳೆಯಿತು. ಗಂಡನ ಜೊತೆ ಇದ್ದು ಇದ್ದು ಬಂದ ಬುದ್ಧಿ ಇರಬೇಕು. ಎರಡೂ ಕೈ ಕೂಡಿಸಿ ಬೊಗಸೆಯಲ್ಲಿ ಹಾಕಬೇಕಾದ ಅಕ್ಕಿಯನ್ನು ಬರೀ ಒಂದು ಕೈಯಲ್ಲಿ, ಕೋಳಿಗೆ ಕಾಳು ಚೆಲ್ಲಿದ ಹಾಗೆ ಹಾಕಿದೆ. ಅರ್ಧ ನೆಲಕ್ಕೆ ಬಿತ್ತು. ಮೇಲೆ ಇಡಬೇಕಾದ ಖಣವನ್ನು ಮಧ್ಯೆ ತುರುಕಿದೆ. ಅರಿಷಿಣ ಬೇರು ಮರೆತೆ. ಕೊಬ್ಬರಿ ಬಟ್ಟಲನ್ನು ಬೋರಲು ಹಾಕಿದೆ.

"ಏ!" ಎಂದಿತು ಒಳಗೋಡೆ.

ನಾನು ಕೇಳಿಸದವಳ ಹಾಗೆ ಉತ್ತತ್ತಿಯನ್ನು ಮೇಲಿನಿಂದ ಉದುರಿಸಿದೆ.

"ಏನ ಅದು? ಉಡಿ ತುಂಬಾಕತ್ತಿಯೋ, ಚೀಲಾ ತುಂಬಾಕತ್ತಿಯೋ? ನಿಮ್ಮವ್ವ ಇದನ್ನ ಕಲಿಸ್ಯಾಳೇನು? ಸರಿ ಅತ್ತಾಗ!"

ಅತ್ತೆ ಬಂದು ನನ್ನ ಕೈಯಿಂದ ತಟ್ಟೆ ಕಸಿದುಕೊಂಡಳು. ಹುಡುಗಿಯ ಸೆರಗು ಬಿಡಿಸಿ, ನಾನು ಹಾಕಿದ್ದನ್ನೆಲ್ಲ ತೆಗೆದು, ಮೊದಲಿನಿಂದ ಶುರು ಮಾಡಿದಳು. ಒಂದೊಂದೂ ಅದರದರ ಜಾಗಕ್ಕೆ. ಕೈ ಒಮ್ಮೆಯೂ ತಡವರಿಸಲಿಲ್ಲ. ಗಂಟು ಬಿಗಿದು ಕೈ ಬಿಟ್ಟ ಮೇಲೆಯೇ ತಾನು ಏನು ಮಾಡಿದೆ ಎಂದು ಅವಳಿಗೆ ಗೊತ್ತಾಗಿದ್ದು. ಬಾಗಿಲ ಕಡೆ ನೋಡಿದಳು. ಆಯಿ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

ಯಾರಾದರೂ ಏನಾದರೂ ಅನ್ನುವ ಮೊದಲೇ ನಾಯಕಿ ಹೊರಗೆ ಹೋಗಿದ್ದಳು. ಉಡಿಯ ವಿಷಯ ಆ ಹುಡುಗಿಗೆ ಏನು ಗೊತ್ತು? ಹಳ್ಳಿಯ ಹೆಂಗಸು ಹೆರಿಗೆ ಕೋಣೆಗೆ ಕೊಟ್ಟ ದೇಣಿಗೆ ಎಂದುಕೊಂಡು, ಗಂಟು ಬಿಚ್ಚಿ, ಎಲ್ಲರೂ ನೋಡುತ್ತಿದ್ದಂತೆ ಕಮಿಟಿಯ ಬಟ್ಟೆಗೆ ಸುರಿದೇಬಿಟ್ಟಳು. ಅಕ್ಕಿ, ಕೊಬ್ಬರಿ, ಖಣ ಎಲ್ಲವೂ ಕೋಳಿಯ ಮೇಲೆ ಬಿದ್ದವು. ಊರ ಹೆಂಗಸರೆಲ್ಲ ಒಮ್ಮೆಲೇ ಉಸಿರು ಎಳೆದುಕೊಂಡರು. ಅಧ್ಯಕ್ಷರು ಚಪ್ಪಾಳೆ ತಟ್ಟಿದರು.

ಮಾವ ಹೋದಂದಿನಿಂದ ದಾಟದ ತಲಬಾಗಿಲನ್ನು ಅತ್ತೆ ದಾಟಿ, ರಸ್ತೆಗೆ ಬಂದು, ಕಮಿಟಿಯವರನ್ನು ಎರಡೂ ಕೈಯಿಂದ ಸರಿಸಿದಳು.

"ಏ ತಂಗೀ! ಉಡಿ ಯಾರಿಗೂ ಕೊಡಬಾರದು. ಧರ್ಮಕ್ಕೂ ಕೊಡಬಾರದು, ದೇವರಿಗೂ ಕೊಡಬಾರದು. ಇದು ನಿಂದ, ತಿಳೀತಿಲ್ಲೋ?"

"ಸಾರಿ ಅಮ್ಮ, ನಂಗೆ ಗೊತ್ತಿರ್ಲಿಲ್ಲ."

"ಗೊತ್ತಿಲ್ಲದಿದ್ರ ಕೇಳಬೇಕು. ಹಿಡೀ ಸೆರಗ."

ಅಧ್ಯಕ್ಷರೇ ಬಗ್ಗಿ ಕೋಳಿಯ ಹೊಟ್ಟೆಯ ಕೆಳಗಿನಿಂದ ಉತ್ತತ್ತಿ ಆರಿಸಿ ಕೊಡಬೇಕಾಯಿತು. ಅತ್ತೆ ನಡುರಸ್ತೆಯಲ್ಲಿ, ಇಡೀ ಊರಿನ ಎದುರು, ಎರಡನೆಯ ಸಲ ಉಡಿ ತುಂಬಿ, ಗಂಟನ್ನು ಆ ಹುಡುಗಿಯ ನಡುವಿಗೆ ಬಿಗಿದು ಸಿಗಿಸಿದಳು. ಜೀಪು ಹೋಯಿತು.

ಎಲ್ಲ ಮುಗಿಯಿತು ಎಂದುಕೊಂಡಿದ್ದೆವು. ಮುಗಿದಿರಲಿಲ್ಲ. ಅಂದಿನಿಂದ ಅತ್ತೆಗೆ ಹೊಸ ಚಿಂತೆ. ಮಧ್ಯಾಹ್ನ ಬಸ್ಸಿನ ಸದ್ದು ಕೇಳಿದರೆ ಗಿರಣಿಯ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು.

"ಆ ಹುಡುಗಿ ಸುದ್ದಿ ಏನರ ಐತೇನು? ಆರಾಮ ಇದ್ದಾಳಿಲ್ಲೋ?"

"ಆರಾಮ ಇದ್ದಾಳ ಬೇ."

"ನೀ ಮೂಗು ಕೆಳಗ ಮಾಡಿ ಹೇಳು."

ತನ್ನ ಕೈ ತಾಗಿದ್ದರಿಂದ ಮದ್ರಾಸಿನಲ್ಲಿ ಆ ಹುಡುಗಿಗೆ ಏನಾದರೂ ಆಗಿಬಿಟ್ಟರೆ ಎಂಬ ಭಯ. ಕುಬಸದ ದಿನ ಹತ್ತಿರ ಬರುತ್ತಿತ್ತು. ಹಸಿರು ಸೀರೆ ಬಂತು, ಹಸಿರು ಬಳೆ ಬಂದವು. ಅತ್ತೆ ಮಾತ್ರ ಹೂಂ ಅನ್ನಲಿಲ್ಲ. ನಾದಿನಿ ತಾಯಿಯ ಮುಖ ನೋಡುವುದು, ಒಳಗೆ ಹೋಗಿ ಅಳುವುದು. ಇವರು ಮತ್ತೊಂದು ಸುದ್ದಿ ಹೊಸೆಯುತ್ತಿದ್ದರೆಂದು ನನಗೆ ಅನುಮಾನ.

ಒಂದು ಮಧ್ಯಾಹ್ನ ಇವರು ಎಂಜಿನ್ನು ಬಂದ್ ಮಾಡುವುದನ್ನೂ ಮರೆತು ಪೇಪರು ಹಿಡಿದು ಓಡಿಬಂದರು. "ಯವ್ವಾ! ಆ ಹುಡುಗಿ ಲಗ್ನ ಆತು!"

ಅತ್ತೆ ಕೈ ಚಾಚಿದಳು. "ತಾ ಇಲ್ಲೆ. ನೀ ಓದಬ್ಯಾಡ. ಆಕಿ ಓದ್ಲಿ."

ನಾನು ಓದಿದೆ. ಖರೆಯೇ ಇತ್ತು. ಫೋಟೋ ಕೂಡ ಇತ್ತು, ಹಾರ ಹಾಕಿಕೊಂಡ ಜೋಡಿಯದು. ಎರಡೆರಡು ಸಲ ಓದಿಸಿದಳು. ಫೋಟೋದ ಮೇಲೆ ಬೆರಳಿಟ್ಟು ಅದೇ ಹುಡುಗಿಯೆಂದು ಗುರುತು ಹಿಡಿದಳು. ತಾನು ಹೇಳಿದ ಸುಳ್ಳು ತನ್ನ ಕಣ್ಣೆದುರೇ ಅಚ್ಚಾಗಿ ಬಂದದ್ದು ನೋಡಿ ನಮ್ಮ ಮನೆಯವರಿಗೆ ಸ್ವಲ್ಪ ಹೆದರಿಕೆಯೇ ಆಗಿತ್ತು. ಅದಾದ ಮೇಲೆ ಬಹಳ ದಿನ ಅವರು ಪೇಪರಿನಲ್ಲಿ ಇದ್ದದ್ದನ್ನಷ್ಟೇ ಓದಿದರು. ಹೆಂಗಸರಿಗೆ ಬೇಜಾರಾಯಿತು. ಆ ನಾಯಕಿಯ ಸಂಸಾರ ಮುಂದೆ ಹೇಗೆ ನಡೆಯಿತೋ ನನಗೆ ಗೊತ್ತಿಲ್ಲ. ಕೆಟ್ಟ ಸುದ್ದಿ ಬಂದಿದ್ದರೂ ಇವರು ಆ ಪುಟದಲ್ಲಿ ಶೇಂಗಾ ಕಟ್ಟಿ ಕೊಟ್ಟುಬಿಡುತ್ತಿದ್ದರು.

ಊರಿನ ರೀತಿ ಒಂದೇ ದಿನದಲ್ಲಿ ಬದಲಾಯಿತು ಎಂದು ನಾನು ಬರೆಯುವುದಿಲ್ಲ. ಈಗ ನನ್ನನ್ನೇ ಕೆಲವರ ಮನೆಯಲ್ಲಿ ಉಡಿ ತುಂಬಲು ಕರೆಯುತ್ತಾರೆ, ಕೆಲವರು ಕರೆಯುವುದಿಲ್ಲ. ಕರೆದವರ ಮನೆಗೆ ಹೋಗುತ್ತೇನೆ. ಕರೆಯದವರ ಮನೆಗೂ ಒಮ್ಮೊಮ್ಮೆ ಹೋಗುತ್ತೇನೆ.

ಕುಬಸದ ದಿನ ನಾದಿನಿ ಹಸಿರು ಸೀರೆ ಉಟ್ಟು ಮಣೆಯ ಮೇಲೆ ಕೂತಳು. ಊರ ಹೆಂಗಸರೆಲ್ಲ ಸುತ್ತ ಕೂತರು. ತಟ್ಟೆ ನಡುವೆ ಇತ್ತು. ಯಾರೂ ಅದನ್ನು ಮುಟ್ಟಲಿಲ್ಲ. ಎಲ್ಲರೂ ಆಯಿಯ ಕಡೆ ನೋಡಿದರು. ಆಯಿ ತಂಬಾಕು ಉಗುಳಿ ಬಂದು, ಸಾವಕಾಶವಾಗಿ ಕೂತು, ಒಳಕೋಣೆಯ ಬಾಗಿಲ ಕಡೆ ಕೂಗಿದಳು.

"ಏನಬೇ, ಮದ್ರಾಸಿನಾಕಿಗೆ ರಸ್ತೇಕ್ಕ ಬಂದು ಎರಡೆರಡು ಸಲ ತುಂಬ್ತಿ. ಇಲ್ಲೆ ನಿನ್ನ ಮಗಳು ಕುಂತ ಕುಂತ ಸೊಂಟಾ ಹಿಡೀತು. ಬರ್ತೀಯೋ, ಪೇಪರದಾಗ ಹಾಕಿಸೂಣೋ?"

ಬಾಗಿಲ ಹಿಂದೆ ಬಳೆಯಿಲ್ಲದ ಕೈಯೊಂದು ಚಿಲಕ ಹಿಡಿದಿದ್ದು ನನಗೆ ಕಾಣುತ್ತಿತ್ತು. ಅದು ಚಿಲಕ ಬಿಟ್ಟಿತು. ಅತ್ತೆ ಬಂದಳು. ಮಗಳ ಎದುರು ಕೂತಳು. ಮೊದಲ ಬೊಗಸೆ ಹಾಕುವಾಗ ನಾಲ್ಕು ಕಾಳು ನೆಲಕ್ಕೆ ಬಿದ್ದವು. ಯಾರೂ ನೋಡದ ಹಾಗೆ ಮಾಡಿದರು. ಎರಡನೆಯದರಲ್ಲಿ ಒಂದೂ ಬೀಳಲಿಲ್ಲ. ಮೂರನೆಯದು, ಮತ್ತೊಂದು, ಮಗದೊಂದು. ಕೊಬ್ಬರಿ ಒಂದರ ಮೇಲೊಂದು. ತಟ್ಟೆ ಖಾಲಿಯಾದರೆ ನನ್ನ ಕಡೆ ನೋಡದೆಯೇ ಕೈ ಚಾಚುತ್ತಿದ್ದಳು, ನಾನು ಒಳಗಿನಿಂದ ತಂದು ತಂದು ತುಂಬುತ್ತಿದ್ದೆ. ನಾದಿನಿಯ ಸೆರಗು ಹಿಗ್ಗಿ ಬಸಿರು ಎಲ್ಲಿ, ಉಡಿ ಎಲ್ಲಿ ಎಂದು ತಿಳಿಯದಾಯಿತು.

"ಸಾಕ ಬಿಡ ಯವ್ವಾ," ಎಂದಳು ಅವಳು ಅಳುತ್ತ ನಗುತ್ತ. "ಇನ್ನ ಮ್ಯಾಲೆ ನನಗ ಏಳಾಕ ಬರೂದಿಲ್ಲ."

"ಯಾರು ಏಳಂದ್ರು?" ಎಂದಳು ಅತ್ತೆ, ಇನ್ನೊಂದು ಬೊಗಸೆ ತುಂಬಿಕೊಳ್ಳುತ್ತ. "ಸುಮ್ಮ ಕುಂದರು. ನಂದು ಇನ್ನ ಮುಗದಿಲ್ಲ."